ಯುದ್ಧದ ಕೇಕಿನಲ್ಲಿ ಬೆಲ್ಲವಿತ್ತೇ?

ಬಾಳೆಹಣ್ಣು ಕಪ್ಪಾಗಿ, ಇನ್ನೊಂದು ದಿನ ಬಿಟ್ಟರೆ ಎಸೆಯಬೇಕು ಅನ್ನುವ ಹಂತಕ್ಕೆ ಬಂದಾಗ ಒಂದು ವಾಸನೆ ಏಳುತ್ತದಲ್ಲ, ಅರ್ಧ ಸಿಹಿ, ಅರ್ಧ ಹುಳಿ, ಅದು ನಮ್ಮ ಅಡುಗೆಮನೆಯಲ್ಲಿ ಎದ್ದರೆ ಸಾಕು, ನನಗೆ ಸಿಟ್ಟು ಬರಲು ಶುರುವಾಗುತ್ತದೆ. ನಿನ್ನೆ ಬೆಳಿಗ್ಗೆಯಿಂದ ಎದ್ದಿದೆ. ನಮ್ಮವರು ಮೂಗು ಮುಚ್ಚಿಕೊಂಡು, ಎಸೆದುಬಿಡು ಅಂದರು. ಎಸೆಯುವ ಹಾಗಿದ್ದರೆ ಎಂದೋ ಎಸೆಯುತ್ತಿದ್ದೆ. ನಿನ್ನೆಯೇ ನರಸಿಂಹರಾಜಪುರದಿಂದ ಫೋನು ಬಂದಾಗಿದೆ, ಗೋಧಿ ನೆನೆಸಿ ರಾತ್ರಿಯೇ ಹಣ್ಣಿನ ಜೊತೆ ರುಬ್ಬಿಟ್ಟಾಗಿದೆ. ನನ್ನ ತಲೆಬಿಸಿ ಯಾರಿಗೆ ಹೇಳಲಿ? ನೀವು ಸಿಕ್ಕಿದ್ದೀರಿ, ಕೇಳಿ.

ಈ ಸಿಟ್ಟಿಗೆ ತುಪ್ಪ ಸುರಿದ ಹಾಗೆ ಮೊನ್ನೆ ಯಾರೋ ನನಗೊಂದು ವಿಡಿಯೋ ಕಳಿಸಿದ್ದರು. ‘ಯುದ್ಧಕಾಲದ ಸರಳ ಕೇಕು’ ಅಂತ ಅದರ ಹೆಸರು. ಫಳಫಳ ಹೊಳೆಯುವ ಅಡುಗೆಮನೆಯಲ್ಲಿ ನಿಂತ ಒಬ್ಬಳು ಹುಡುಗಿ, ಆ ಕಾಲದಲ್ಲಿ ಏನೂ ಸಿಗುತ್ತಿರಲಿಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ಹೇಳಿ, ಅರ್ಧ ಪ್ಯಾಕೆಟ್ ಬೆಣ್ಣೆ ಬಿಚ್ಚಿ ಹಾಕಿದಳು. ಆಮೇಲೆ ಗೋಡಂಬಿ. ಆಮೇಲೆ ನಾನು ಹೆಸರು ಕೇಳದ ಯಾವುದೋ ಒಣಹಣ್ಣು. ಇವಳ ಯುದ್ಧ ಯಾವ ಊರಲ್ಲಿ ನಡೆಯಿತೋ ಗೊತ್ತಾಗಲಿಲ್ಲ. ಆದರೂ ಒಂದು ವಿಷಯಕ್ಕೆ ಹೊಟ್ಟೆಕಿಚ್ಚಾಯಿತು: ಅವಳ ಹತ್ತಿರ ಅಳತೆ ಇತ್ತು. ಇಷ್ಟು ಗ್ರಾಮು, ಇಷ್ಟು ಚಮಚ, ಇಷ್ಟು ಹೊತ್ತು. ನಾನು ಕೊಪ್ಪದಲ್ಲಿ ಬಹಳ ವರ್ಷ ಹೊಲಿಗೆ ಕ್ಲಾಸು ನಡೆಸಿದವಳು. ಅಳತೆ ಇಲ್ಲದೆ ನನಗೆ ಕತ್ತರಿಯೇ ಆಡುವುದಿಲ್ಲ. ಅಂಥವಳ ತಲೆಗೆ ಗಂಟುಬಿದ್ದದ್ದು ಅಳತೆಯೇ ಇಲ್ಲದ ಒಂದು ಕೇಕು ಮತ್ತು ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪದ ಇಬ್ಬರು ದೊಡ್ಡಮ್ಮಂದಿರು.

ದೊಡ್ಡಮ್ಮಂದಿರು ಅಂದರೆ ನನ್ನ ಅಮ್ಮನ ಅಕ್ಕಂದಿರು. ಹಿರಿಯವರು ಶೃಂಗೇರಿಯಲ್ಲಿ ಮಗನ ಮನೆಯಲ್ಲಿದ್ದರು, ಕಿರಿಯವರು ನರಸಿಂಹರಾಜಪುರದಲ್ಲಿ ಮಗಳ ಮನೆಯಲ್ಲಿ. ಹಾಗಾಗಿ ಮನೆಯಲ್ಲಿ ಶೃಂಗೇರಿ ದೊಡ್ಡಮ್ಮ, ಪುರದ ದೊಡ್ಡಮ್ಮ ಎಂದೇ ರೂಢಿ. ನಡುವೆ ಕೊಪ್ಪದಲ್ಲಿ ನಾನು. ನನ್ನ ಮದುವೆ ಮಾಡುವಾಗ ಅಪ್ಪ ಜಾತಕ ನೋಡಿದರು, ಹುಡುಗನ ಕೆಲಸ ನೋಡಿದರು. ಮ್ಯಾಪು ಒಂದು ನೋಡಲಿಲ್ಲ. ನೋಡಿದ್ದರೆ, ಈ ಇಬ್ಬರ ಜಗಳ ಹೊತ್ತುಕೊಂಡು ಬಸ್ಸಿನಲ್ಲಿ ಅತ್ತ ಇತ್ತ ಓಡಾಡುವ ಊರಿಗೆ ನನ್ನನ್ನು ಕೊಡುತ್ತಿರಲಿಲ್ಲ.

ಕೇಕಿನ ಕತೆ ಶುರುವಾಗುವುದು ನನ್ನ ಅಜ್ಜಿಯಿಂದ. ಅಜ್ಜ ಮೇಗುಂದದ ಆಚೆ ಒಬ್ಬ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು, ಅಂದರೆ ಆಳುಗಳ ಹಾಜರಿ, ಬಟವಾಡೆ ನೋಡಿಕೊಳ್ಳುವ ಗುಮಾಸ್ತೆ. ಸ್ವಂತ ಗದ್ದೆ ಇಲ್ಲ, ಕಾಫಿ ಗೋಡೌನಿನ ಪಕ್ಕ ಕೊಟ್ಟ ಎರಡು ಕೋಣೆಯಲ್ಲಿ ಸಂಸಾರ. ಎರಡನೇ ಮಹಾಯುದ್ಧ ಬಂತು, ಅಕ್ಕಿಗೆ ಕಂಟ್ರೋಲ್ ಬಂತು. ರೇಷನ್ನಿನಲ್ಲಿ ಅಕ್ಕಿಯ ಬದಲಿಗೆ ಗೋಧಿಕಾಳು ಕೊಡತೊಡಗಿದರು. ಅಜ್ಜಿ ಅದುವರೆಗೆ ಗೋಧಿಯನ್ನು ಪಾಯಸಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಮುಟ್ಟಿದವಳಲ್ಲ. ಮೊದಲು ಅನ್ನದ ಹಾಗೆ ಬೇಯಿಸಿ ಬಸಿದು ಬಡಿಸಿದಳಂತೆ. ಅಜ್ಜ ಎರಡು ತುತ್ತು ತಿಂದು, ದವಡೆ ನೋಯುತ್ತದೆ ಎಂದು ಎದ್ದರಂತೆ.

ಆಗ ಬಂಗಲೆಯ ಬಟ್ಲರ್ ಬೇಲಿಯಾಚೆ ನಿಂತು ಅಜ್ಜಿಗೆ ಒಂದು ಉಪಾಯ ಹೇಳಿದ. ದೊರೆಸಾನಿಗೂ ಬೆಣ್ಣೆ ಇಲ್ಲ, ಸಕ್ಕರೆ ಇಲ್ಲ. ಅವಳ ದೇಶದಲ್ಲಿ ಎಲ್ಲರೂ ಈಗ ಮೊಟ್ಟೆಯೂ ಇಲ್ಲದ ಕೇಕು ಮಾಡುತ್ತಾರಂತೆ. ಗೋಧಿಹಿಟ್ಟು, ಯಾವುದಾದರೂ ಹಣ್ಣು, ತಗಡಿನ ಡಬ್ಬಿ, ಮೇಲೆ ಕೆಳಗೆ ಕೆಂಡ, ಇಷ್ಟೇ. ಮೊಟ್ಟೆ ಇಲ್ಲ ಅಂದದ್ದೇ ಅಜ್ಜಿಯ ಕಿವಿ ನೆಟ್ಟಗಾಯಿತು. ಶಾಂತಿಯ ಕಾಲದಲ್ಲಿ ನಮ್ಮಂಥವರ ಮನೆಯ ಹೊಸ್ತಿಲು ದಾಟಲಾರದ ಕೇಕು ಯುದ್ಧದ ದೆಸೆಯಿಂದ ಮಡಿಯಾಗಿ ಒಳಗೆ ಬಂತು. ಬಟ್ಲರ್ ಬಿಸ್ಕತ್ತಿನ ಖಾಲಿ ಡಬ್ಬಿಯೊಂದನ್ನೂ ಕೊಟ್ಟ. ಉದ್ದನೆಯ, ಚೌಕ ಮೂಲೆಗಳ ಡಬ್ಬಿ. ಅದು ಅಜ್ಜಿಯಿಂದ ನನ್ನ ಅಮ್ಮನಿಗೆ, ಅಮ್ಮನಿಂದ ನನಗೆ ಬಂದಿದೆ. ಬಂಗಾರ ಬರಲಿಲ್ಲ, ಡಬ್ಬಿ ಬಂತು.

ಬಟ್ಲರ್ ಹೇಳಿದ್ದು ಹಿಟ್ಟು. ಅಜ್ಜಿಯ ಹತ್ತಿರ ಇದ್ದದ್ದು ಕಾಳು. ಕಾಳು ಕೈಗೆ ಸಿಕ್ಕಿದರೆ ನಮ್ಮ ಕಡೆಯ ಹೆಂಗಸರು ಬೇರೇನು ಮಾಡುತ್ತಾರೆ? ನೆನೆಹಾಕಿದಳು. ದೋಸೆಗೆ ರುಬ್ಬುವ ಹಾಗೆ ಒರಳಿನಲ್ಲಿ ನುಣ್ಣಗೆ ರುಬ್ಬಿದಳು, ಜೊತೆಗೆ ಕಪ್ಪಾದ ಬಾಳೆಹಣ್ಣು, ಒಂದು ಹಿಡಿ ತೆಂಗಿನಕಾಯಿ. ರಾತ್ರಿ ಮುಚ್ಚಿಟ್ಟಳು. ಬೆಳಿಗ್ಗೆ ಅದು ದೋಸೆಹಿಟ್ಟಿನ ಹಾಗೆಯೇ ಹುಳಿ ಬಂದು ಉಬ್ಬಿತ್ತು. ದೊರೆಸಾನಿ ಕಂಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದಳು, ಆದರೆ ಉಬ್ಬಿದ ಹಿಟ್ಟು ಕೆಂಡದ ನಡುವೆ ಎದ್ದು ನಿಂತಿತು. ಸೋಡ ಇಲ್ಲ, ಈಸ್ಟ್ ಇಲ್ಲ. ಮಲೆನಾಡಿನ ಯುದ್ಧದ ಕೇಕು ಅಂದರೆ ಇದು, ತಪ್ಪು ಮಾಡಿ ಸರಿಯಾದದ್ದು.

ಇಷ್ಟರವರೆಗೆ ಇಬ್ಬರೂ ದೊಡ್ಡಮ್ಮಂದಿರ ಸಾಕ್ಷಿ ಒಂದೇ. ಮುಂದಿನದು ಬೆಲ್ಲ. ಶೃಂಗೇರಿ ದೊಡ್ಡಮ್ಮ, ನಮ್ಮಮ್ಮ ಧಾರಾಳ ಜೋನಿ ಬೆಲ್ಲ ಹುಯ್ಯುತ್ತಿದ್ದಳು ಅನ್ನುತ್ತಿದ್ದರು. ನಮ್ಮ ಕಡೆ ಡಬ್ಬಿಯಲ್ಲಿ ತುಂಬಿಡುತ್ತಾರಲ್ಲ, ಆ ನೀರುಬೆಲ್ಲ. ಪುರದ ದೊಡ್ಡಮ್ಮ, ಬೆಲ್ಲ ಎಲ್ಲಿತ್ತು, ನಾಲಿಗೆಗೆ ತಾಗುತ್ತಿದ್ದದ್ದು ಬಾಳೆಹಣ್ಣಿನ ಸಿಹಿ ಮಾತ್ರ ಅನ್ನುತ್ತಿದ್ದರು. ಆಗ ಅಕ್ಕನಿಗೆ ಎಂಟೊಂಬತ್ತು ವರ್ಷ, ತಂಗಿ ಅವಳಿಗಿಂತ ಸಣ್ಣವಳು. ಅಕ್ಕ ಮಲೇರಿಯ ಬಂದು ಹೊಟ್ಟೆಯಲ್ಲಿ ಜ್ವರಗಡ್ಡೆ ಕಟ್ಟಿ, ಇಡೀ ಒಂದು ವರ್ಷ ಹಾಸಿಗೆಯಲ್ಲೇ ಇದ್ದವರು. ಜ್ವರದಲ್ಲಿದ್ದವರ ಮಾತು ಎಷ್ಟು ನಂಬಬಹುದು, ಸಣ್ಣ ಮಗುವಿನ ನೆನಪು ಎಷ್ಟು ನಂಬಬಹುದು ಎಂದು ನಾವೆಲ್ಲ ನಗುತ್ತಿದ್ದೆವು. ನನ್ನ ಅಮ್ಮ ಹುಟ್ಟಿದ್ದೇ ಯುದ್ಧ ಮುಗಿದ ಮೇಲೆ, ಅವಳನ್ನು ಕೇಳಿ ಉಪಯೋಗವಿರಲಿಲ್ಲ.

ನಗುವುದು ನಿಂತದ್ದು ನನ್ನ ಮಗಳ ಮದುವೆಯಲ್ಲಿ. ಊಟದ ಪಂಕ್ತಿಯಲ್ಲಿ ಅಕ್ಕತಂಗಿ ಅಕ್ಕಪಕ್ಕ ಕೂತಿದ್ದರು. ಯಾರೋ ಹಳೇ ಕಾಲದ ತಿಂಡಿಯ ಮಾತೆತ್ತಿದರು. ಶೃಂಗೇರಿ ದೊಡ್ಡಮ್ಮ ಉತ್ಸಾಹ ಬಂದು ಇಡೀ ಪಂಕ್ತಿಗೆ ಕೇಳುವ ಹಾಗೆ, “ನಮ್ಮಮ್ಮ ಆ ಬರಗಾಲದಲ್ಲೂ ನಮ್ಮಿಬ್ಬರಿಗೂ ಬೆಲ್ಲ ಸುರಿದು ಕೇಕು ಮಾಡಿ ಹಾಕಿದ್ಲು” ಅಂದರು. ಪುರದ ದೊಡ್ಡಮ್ಮ ತುತ್ತು ಕೆಳಗಿಟ್ಟರು. ಎಲೆಯಲ್ಲಿ ಹೋಳಿಗೆ ಇನ್ನೂ ಬಿಸಿ ಇತ್ತು. ಹಾಗೇ ಎದ್ದು, ಕೈತೊಳೆದು, ಸೀರೆಯ ಸೆರಗು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿಬಿಟ್ಟರು. ಮದುವೆಮನೆಯಲ್ಲಿ ಪಂಕ್ತಿಯಿಂದ ಅರ್ಧಕ್ಕೆ ಏಳುವುದು ಅಂದರೇನು ಎಂದು ನಿಮಗೆ ಹೇಳಬೇಕಾಗಿಲ್ಲ. ಬೀಗರು ಇವತ್ತಿಗೂ, ಆವತ್ತು ಊಟದಲ್ಲಿ ಏನೋ ಹೆಚ್ಚುಕಡಿಮೆ ಆಗಿತ್ತು ಅಂತಲೇ ತಿಳಿದಿದ್ದಾರೆ.

ಅಲ್ಲಿಂದ ಅವರಿಬ್ಬರ ನಡುವೆ ಮಾತಿಲ್ಲ. ಫೋನಿಲ್ಲ. ಹೇಳುವುದೆಲ್ಲ ನನ್ನ ಹತ್ತಿರ. ಅವಳಿಗೆ ಹೀಗೆ ಹೇಳು, ಇವಳಿಗೆ ಹಾಗೆ ಹೇಳು. ಕೊನೆಗೆ ಇಬ್ಬರೂ ಬೇರೆಬೇರೆಯಾಗಿ ಒಂದೇ ತೀರ್ಪಿಗೆ ಬಂದರು: ನೀನು ಆ ಕೇಕು ಸರಿಯಾಗಿ ಮಾಡಿ ಅವಳಿಗೆ ತಿನ್ನಿಸು, ಅವಳು ಒಪ್ಪಿಕೊಂಡರೆ ನಾನು ಮಾತಾಡುತ್ತೇನೆ. ಬೆಲ್ಲ ಅಷ್ಟು ದೊಡ್ಡ ವಿಷಯವೇ ಎಂದು ಕೇಳಿದರೆ, ನಿನಗೆ ಅರ್ಥವಾಗುವುದಿಲ್ಲ ಬಿಡು ಎಂದು ಇಬ್ಬರದ್ದೂ ಒಂದೇ ಉತ್ತರ. ಅಷ್ಟರ ಮಟ್ಟಿಗೆ ಒಗ್ಗಟ್ಟಿತ್ತು.

ಮಾಡಿದೆ. ಗೋಧಿ ಎಷ್ಟು ಎಂದು ಕೇಳಿದರೆ ಬೇಕಾದಷ್ಟು. ಹಣ್ಣು ಎಷ್ಟು ಅಂದರೆ ಇದ್ದಷ್ಟು. ಎಷ್ಟು ಹೊತ್ತು ಬೇಯಬೇಕು ಅಂದರೆ ಆಗುವವರೆಗೆ. ಕೆಂಡಕ್ಕೆ ಎಲ್ಲಿ ಹೋಗಲಿ, ಕೊಪ್ಪ ಪೇಟೆಯ ಬೇಕರಿ ಸಾಹೇಬರ ಕಾಲು ಹಿಡಿದೆ. ಅವರದು ಸೌದೆಯ ದೊಡ್ಡ ಒಲೆ, ಅವರ ಅಪ್ಪನ ಕಾಲದ್ದು. ಹುಳಿ ಬಂದ ನನ್ನ ಹಿಟ್ಟನ್ನು ಮೂಸಿ ನೋಡಿ, ಇದು ದೋಸೆಯಾ ಕೇಕಾ ಎಂದು ಕೇಳಿದರೂ, ಡಬ್ಬಿಯನ್ನು ಒಳಗೆ ತಳ್ಳಿದರು. ಬೆಲ್ಲ ಹಾಕಿದ್ದನ್ನು ಪುರಕ್ಕೆ ಒಯ್ದೆ. ದೊಡ್ಡಮ್ಮ ತುದಿ ಮುರಿದು ಬಾಯಿಗಿಟ್ಟು, ಅಂಗಡಿಯ ಮಿಠಾಯಿ ಆಗಿದೆ ಎಂದು ಕೆಳಗಿಟ್ಟರು. ಬೆಲ್ಲ ಹಾಕದ್ದನ್ನು ಶೃಂಗೇರಿಗೆ ಒಯ್ದೆ. ದೊಡ್ಡಮ್ಮ ಒಂದು ಚೂರು ತಿಂದು, “ಇದನ್ನ ದನಕ್ಕೆ ಹಾಕು ಕೂಸೇ” ಅಂದರು. ನನಗೆ ಮೊಮ್ಮಗಳಿದ್ದಾಳೆ, ಅವರಿಗೆ ನಾನಿನ್ನೂ ಕೂಸು. ಮುಂದಿನ ಸಲ ಅದಲುಬದಲು ಮಾಡಿ ಒಯ್ದರೆ ಇಬ್ಬರೂ ಕಣ್ಣುಮುಚ್ಚಿ, ಇದೇ, ಇದೇ ಅಮ್ಮನ ಕೇಕು, ಅವಳಿಗೆ ತಿನ್ನಿಸಿದೆಯಾ ಎಂದು ಕೇಳಿದರು. ಹೀಗೆಯೇ ವರ್ಷಗಟ್ಟಲೆ ನಡೆಯಿತು. ಕಂಡಕ್ಟರುಗಳಿಗೆಲ್ಲ ನನ್ನ ಡಬ್ಬಿಯ ಪರಿಚಯವಾಗಿತ್ತು.

ನಾನು ಬಿಟ್ಟುಬಿಡುತ್ತಿದ್ದೆ. ಆದರೆ ಶೃಂಗೇರಿ ದೊಡ್ಡಮ್ಮನ ಎದೆ ಕೈಕೊಡತೊಡಗಿತು. ಡಾಕ್ಟರು ಮಗನನ್ನು ಹೊರಗೆ ಕರೆದು ಮಾತಾಡಿದರಂತೆ. ತೊಂಬತ್ತರ ಹತ್ತಿರ ಬಂದವರು, ಹೊರಗೆ ಕರೆದು ಏನು ಹೇಳಿದರು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಪುರಕ್ಕೆ ಸುದ್ದಿ ಮುಟ್ಟಿಸಿದೆ. ಹೋಗೋಣ ಬನ್ನಿ ಎಂದು ಕರೆದೆ. ದೊಡ್ಡಮ್ಮ, “ಅವಳು ಕರೀಲಿ, ಬತ್ತೆ” ಅಂದರು. ಶೃಂಗೇರಿಯವರು ಕರೆಯಲಿಲ್ಲ. ಈ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡದೆ ಹೋಗಿಬಿಡುತ್ತಾರೆ, ಉಳಿದವರು ಆಮೇಲೆ ನನ್ನೆದುರು ಕೂತು ಅಳುತ್ತಾರೆ, ನಾನು ಆ ಸಂಕಟವನ್ನು ಎಲ್ಲಿಡಲಿ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಸಿಟ್ಟೇ ಬರುವುದು. ಕೊನೆಯ ಸಲ ಎಂದುಕೊಂಡು ಗೋಧಿ ನೆನೆಹಾಕಿದೆ. ಎರಡೂ ತರ ಮಾಡುತ್ತೇನೆ, ಇಬ್ಬರ ಮುಂದೆಯೂ ಇಡುತ್ತೇನೆ, ಆಮೇಲೆ ಕೈಮುಗಿದು ಬರುತ್ತೇನೆ ಅಂತ ನನ್ನ ಲೆಕ್ಕ.

ಬೇಕರಿಗೆ ಹೋದರೆ ಸಾಹೇಬರ ಒಲೆಯ ತುಂಬ ಯಾವುದೋ ಮದುವೆಯ ಬನ್ನು. ಒಂದು ಡಬ್ಬಿಗೆ ಮಾತ್ರ ಜಾಗ ಅಂದರು. “ಅಮ್ಮಾ, ನೀವು ಸಂಜೆ ಬನ್ನಿ, ಇಲ್ಲಾ ಒಂದರಲ್ಲೇ ಎಂತಾದ್ರೂ ಮಾಡಿ” ಎಂದು ಬೆವರು ಒರೆಸಿಕೊಂಡರು. ಸಂಜೆ ಬಸ್ಸಿಲ್ಲ. ನನ್ನ ತಾಳ್ಮೆಯೂ ಇರಲಿಲ್ಲ. ಮೇಜಿನ ಮೇಲೆ ತಿಂಡಿ ಕೊಡುವ ಅಡಿಕೆಹಾಳೆಯ ತಟ್ಟೆಗಳಿದ್ದವು. ಒಂದನ್ನೆತ್ತಿ, ಅವರ ಕತ್ತರಿ ಇಸಕೊಂಡು, ಡಬ್ಬಿಯ ಅಗಲಕ್ಕೆ ಸರಿಯಾಗಿ ಒಂದು ಪಟ್ಟಿ ಕತ್ತರಿಸಿ, ನೀರಲ್ಲಿ ಅದ್ದಿ, ಡಬ್ಬಿಯ ನಡುವೆ ಅಡ್ಡ ನಿಲ್ಲಿಸಿದೆ. ಈ ಇಡೀ ವ್ಯವಹಾರದಲ್ಲಿ ನನ್ನ ವಿದ್ಯೆ ಉಪಯೋಗಕ್ಕೆ ಬಂದದ್ದು ಇದೊಂದೇ ಸಲ. ಒಂದು ಬದಿಗೆ ಸಪ್ಪೆ ಹಿಟ್ಟು, ಇನ್ನೊಂದು ಬದಿಗೆ ಜೋನಿ ಬೆಲ್ಲ ಕಲಸಿದ ಹಿಟ್ಟು. ಬೆಂದು ಹೊರಬಂದಾಗ ಮೇಲೆಲ್ಲ ಒಂದೇ ಕಂದು ಬಣ್ಣ, ನಡುವೆ ಹಾಳೆಯ ಅಂಚು ಮಾತ್ರ ಕರಟಿ ಎದ್ದು ಕಾಣುತ್ತಿತ್ತು. ಬಿಸಿ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಶೃಂಗೇರಿಯ ಬಸ್ಸು ಹತ್ತಿದೆ.

ದೊಡ್ಡಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಇಗೋ, ನಿಮ್ಮದೂ ಇದೆ, ಅವರದೂ ಇದೆ, ಏನು ಬೇಕಾದರೂ ಮಾಡಿಕೊಳ್ಳಿ ಎಂದು ತೊಡೆಯ ಮೇಲೆ ಡಬ್ಬಿಯಿಟ್ಟು ಮುಚ್ಚಳ ತೆಗೆದೆ. ಅವರು ಕೇಕು ಮುಟ್ಟಲಿಲ್ಲ. ಹಾಳೆಯ ಅಂಚಿನ ಮೇಲೆ ಬೆರಳಾಡಿಸಿದರು.

“ಈ ಹಾಳೆ ಇಡು ಅಂತ ನಿಂಗೆ ಯಾರು ಹೇಳಿದ್ದು?”

ಯಾರೂ ಹೇಳಲಿಲ್ಲ, ಒಲೆಯಲ್ಲಿ ಜಾಗವಿರಲಿಲ್ಲ ಎಂದೆ.

“ಅಮ್ಮ ಇಡ್ತಿದ್ಲು” ಅಂದರು. “ಇಬ್ಬರೂ ಕಿತ್ತಾಡಬಾರದು, ಸಮ ಪಾಲಾಗ್ಲಿ ಅಂತ ಇಡ್ತಾಳೆ ಅಂದ್ಕಂಡಿದ್ದೆ.”

ಬೆಲ್ಲದ ಬದಿಯಿಂದ ಒಂದು ಚೂರು ಮುರಿದು ತಿಂದರು. ಆಮೇಲೆ ಕೈ ಹಾಳೆ ದಾಟಿತು. ಸಪ್ಪೆಯ ಬದಿಯಿಂದ ಮುರಿದದ್ದನ್ನು ಬಾಯಲ್ಲಿಟ್ಟುಕೊಂಡು, ದನಕ್ಕೆ ಹಾಕು ಅನ್ನದೆ, ನಿಧಾನ ಅಗಿದು ನುಂಗಿದರು. ನಾನು ನೀರು ಕೊಟ್ಟರೆ ಬೇಡವೆಂದರು. ಜ್ವರದ ಬಾಯಿಗೆ ಏನೂ ಸೇರದೆ ಎಲ್ಲ ಉಗುಳುತ್ತಿದ್ದ ಆ ವರ್ಷ, ಅಮ್ಮ ನನ್ನ ಪಾಲನ್ನು ಎಲೆಯಲ್ಲಿ ಹಾಸಿಗೆಗೇ ತಂದುಕೊಡುತ್ತಿದ್ದಳು ಎಂದು ಹೇಳಿದರು. ಕ್ವಿನೈನ್ ನುಂಗಿದ ಕಹಿ ಹೋಗಲಿ ಅಂತ. ತಂಗಿ ಒಳಗೆ ಒಲೆಯ ಹತ್ತಿರ ಕೂತು ತಿನ್ನುತ್ತಿದ್ದಳು. ಅವಳ ಪಾಲನ್ನು ತಾನು ಒಂದು ದಿನವೂ ಬಾಯಿಗಿಟ್ಟು ನೋಡಿದವಳಲ್ಲ. ಇಷ್ಟು ಹೇಳಿ, ಕಾರು ತರಿಸು ಅಂದರು.

ಮಗ ಬೇಡವೆಂದ, ಸೊಸೆ ಬೇಡವೆಂದಳು, ನಾನೂ ಬೇಡವೆಂದೆ. ಕೇಳುವ ಜನವೇ ಅದು? ದಾರಿಯುದ್ದಕ್ಕೂ ಡಬ್ಬಿ ಅವರ ತೊಡೆಯ ಮೇಲೆ. ತಿರುವು ಬಂದಾಗೆಲ್ಲ ನಿಂಬೆಹಣ್ಣು ಮೂಸುವುದು, ನಿಧಾನ ಹೋಗು ಎಂದು ಡ್ರೈವರಿಗೆ ಗದರುವುದು, ಆಮೇಲೆ ಇಷ್ಟು ನಿಧಾನ ಯಾಕೆ ಎಂದು ನನಗೆ ಗದರುವುದು. ಕೊಪ್ಪ ದಾಟುವಾಗ ನನ್ನ ಮನೆಯ ಮುಂದೆಯೇ ಹಾದುಹೋದೆವು. ಇಳಿದು ಬಾಗಿಲು ಹಾಕಿಕೊಂಡು ಮಲಗಿಬಿಡಲೇ ಅನ್ನಿಸಿದ್ದು ಸುಳ್ಳಲ್ಲ.

ಪುರದ ದೊಡ್ಡಮ್ಮ ಜಗಲಿಯಲ್ಲಿ ಮೊರದ ಮುಂದೆ ಕೂತು ಉದ್ದಿನ ಕಲ್ಲು ಆರಿಸುತ್ತಿದ್ದರು. ಅಕ್ಕನನ್ನು ಇಬ್ಬರು ಹಿಡಿದು ಇಳಿಸುವುದನ್ನು ನೋಡಿ ಮೊರ ಪಕ್ಕಕ್ಕಿಟ್ಟರು. ಅಕ್ಕ ಪಕ್ಕದಲ್ಲಿ ಕೂತು, ಉಸಿರು ಹದಕ್ಕೆ ಬರುವವರೆಗೆ ಕಾದು, ಮುಚ್ಚಳ ತೆಗೆದರು.

“ನಿಂಗೆ ಯಾವ ಬದಿ ಕೊಡ್ತಿದ್ಲು ಸಾವಿತ್ರಿ?”

ಪುರದ ದೊಡ್ಡಮ್ಮ ಹಾಳೆಯನ್ನು ನೋಡಿದರು, ಅಕ್ಕನನ್ನು ನೋಡಿದರು. “ಈಗ ಗೊತ್ತಾಯ್ತಾ ನಿಂಗೆ” ಅಂದರು.

“ನಿಂಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಎಂತ? ಹಾಳೆ ನೆಕ್ಕೋಳು ನಾನು. ಒಂದು ಮೈ ಸಿಹಿ, ಒಂದು ಮೈ ಸಪ್ಪೆ.”

ಆಮೇಲೆ ಅವರು ಹೇಳಿದ್ದು ಇಷ್ಟು. ಸಿಕ್ಕ ಚೂರು ಬೆಲ್ಲವನ್ನೆಲ್ಲ ಅಮ್ಮ ಅಕ್ಕನ ಬದಿಗೆ ಹಾಕುತ್ತಿದ್ದಳು. ಕೇಕು ತೆಗೆದ ಮೇಲೆ ನಡುವಿನ ಹಾಳೆಯನ್ನು ತಂಗಿಯ ಕೈಗೆ ಕೊಟ್ಟು, ಅಕ್ಕನಿಗೆ ಹೇಳಬೇಡ, ಹೇಳಿದರೆ ಅವಳು ತನ್ನದರಲ್ಲಿ ನಿನಗೆ ಕೊಡುತ್ತಾಳೆ, ಅವಳ ಹೊಟ್ಟೆಗೆ ಅಷ್ಟಾದರೂ ಹೋಗಲಿ ಅನ್ನುತ್ತಿದ್ದಳು. ಸಣ್ಣವಳು ಹೇಳಲಿಲ್ಲ. ಅಮ್ಮ ಹೋದಳು, ಆಮೇಲೂ ಹೇಳಲಿಲ್ಲ. ಬೆಲ್ಲ ಸಿಗಲಿಲ್ಲ ಅಂತ ಅವರಿಗೆ ಸಿಟ್ಟಿರಲಿಲ್ಲ. ಬೆಲ್ಲ ಇರಲಿಲ್ಲ ಅಂತ ಅವರು ಹೇಳುತ್ತಿದ್ದದ್ದು ತಾನು ತಿಂದದ್ದರ ಬಗ್ಗೆ, ಅದು ಸುಳ್ಳೂ ಆಗಿರಲಿಲ್ಲ.

“ಮದುವೇಲಿ ನೀನು ನಮ್ಮಿಬ್ಬರಿಗೂ ಅಂದೆ ಅಕ್ಕಾ” ಅಂದರು. “ಅದೊಂದು ಮಾತು ನಂಗೆ ತಡ್ಕಳಕ್ಕೆ ಆಗ್ಲಿಲ್ಲ. ಅಲ್ಲ ಅನ್ನಕ್ಕೂ ಆಗ್ಲಿಲ್ಲ.”

ಶೃಂಗೇರಿ ದೊಡ್ಡಮ್ಮ ಅಳುತ್ತಾರೆ ಅಂದುಕೊಂಡಿದ್ದೆ. ಅವರಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. ಇಷ್ಟು ವರ್ಷ ಬಾಯಿಮುಚ್ಚಿ ಕೂತಿದ್ದೀಯಲ್ಲ, ಜ್ವರ ಬಿಟ್ಟ ಮೇಲಾದರೂ ಹೇಳಬಾರದಾಗಿತ್ತೇ, ನಾನು ಬೇರೆ ಊರೂರಿಗೆ ಸಾರಿಕೊಂಡು ಬಂದೆನಲ್ಲ ಎಂದು ತಂಗಿಯ ತೋಳಿಗೆ ಒಂದು ಬಿಟ್ಟರು. ಪೆಟ್ಟು ಕೊಟ್ಟ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ನಾನು ಒಳಗೆ ಹೋಗಿ ಅವರ ಮಗಳ ಹತ್ತಿರ ಕಾಫಿ ಕೇಳಿದೆ. ಲೋಟ ಹಿಡಿದು ಬಂದರೆ ಅಕ್ಕ ಸಪ್ಪೆಯ ಬದಿ ತಿನ್ನುತ್ತಿದ್ದರು. ತಂಗಿ ಬೆಲ್ಲದ ಬದಿಯಿಂದ ಒಂದು ತುಂಡು ತಿಂದು ಮುಖ ಹುಳ್ಳಗೆ ಮಾಡಿಕೊಂಡು, ಇಷ್ಟು ಸಿಹಿ ಹೇಗೆ ತಿಂದೆ ಮಾರಾಯ್ತಿ, ನನಗಾಗದು ಎಂದು ಉಳಿದದ್ದನ್ನು ವಾಪಸ್ಸಿಟ್ಟರು. ಇದಕ್ಕಾಗಿ ನಾನು ಅಷ್ಟು ಬಸ್ಸು ಹತ್ತಿ ಇಳಿದದ್ದು. ಕೇಕೆಲ್ಲ ಕದಲಿ ಹಾಳೆ ಸಡಿಲವಾಗಿತ್ತು. ಅಕ್ಕ ಅದನ್ನು ಎಳೆದು ತೆಗೆದು, ಎಸೆಯಲೆಂದೋ ಏನೋ ಆಚೆ ಕೈ ಚಾಚಿದರು.

“ಕೊಡೇ ಇಲ್ಲಿ” ಅಂದರು ಪುರದ ದೊಡ್ಡಮ್ಮ. “ಅದು ನಂದು.”

ಶೃಂಗೇರಿ ದೊಡ್ಡಮ್ಮ ಈಗಿಲ್ಲ. ಆವತ್ತಿನ ನಂತರ ಕೆಲವು ತಿಂಗಳು ಇದ್ದರು. ಇದ್ದಷ್ಟು ದಿನ ಇಬ್ಬರೂ ದಿನಾ ಫೋನಿನಲ್ಲಿ ಜಗಳವಾಡಿದರು, ನನ್ನನ್ನು ನಡುವೆ ಕರೆಯದೆ. ಪುರದ ದೊಡ್ಡಮ್ಮ ಗಟ್ಟಿಯಾಗಿದ್ದಾರೆ. ಬಾಳೆಹಣ್ಣು ಕಪ್ಪಾಯಿತೇ ಎಂದು ಫೋನು ಮಾಡುತ್ತಾರೆ, ನಮ್ಮ ಮನೆಯ ಬಾಳೆಹಣ್ಣಿನ ವಿಷಯ ಅವರಿಗೆ ಹೇಗೆ ಗೊತ್ತಾಗುತ್ತದೋ ದೇವರೇ ಬಲ್ಲ. ನಿನ್ನೆಯೂ ಮಾಡಿದರು. ಅರ್ಧಕ್ಕೆ ಬೆಲ್ಲ ಹಾಕು ಅಂದರು. ಬೆಲ್ಲದ ಬದಿ ನೀವು ಮುಟ್ಟುವುದಿಲ್ಲ, ನಿಮ್ಮ ಮನೆಯಲ್ಲಿ ಬೇರೆ ಯಾರೂ ತಿನ್ನುವುದಿಲ್ಲ, ಪ್ರತಿ ಸಲವೂ ಆ ಅರ್ಧ ನನ್ನ ತಲೆಗೇ, ಮತ್ತೆ ಯಾಕೆ ಹಾಕಬೇಕು ಎಂದು ರೇಗಿದೆ.

“ಯಾರಾದ್ರೂ ತಿನ್ಲಿ” ಅಂದರು. “ಹಾಳೆಗೆ ಸಿಹಿ ತಾಗ್ಬೇಕಲ್ಲ.”

ಹಿಟ್ಟು ಉಬ್ಬಿದೆ. ಹೊತ್ತಾಯಿತು, ಸಾಹೇಬರ ಒಲೆ ಕಾದಿರುತ್ತದೆ. ಹಾಳೆಯನ್ನು ಡಬ್ಬಿಯ ನಡುವೆ ನಿಲ್ಲಿಸಿದ್ದೇನೆ, ಕೈಯಲ್ಲಿ ಜೋನಿ ಬೆಲ್ಲದ ಸೌಟಿದೆ. ಎಷ್ಟು ಹಾಕಬೇಕು ಎಂದು ನೀವು ಕೇಳಿದರೆ ನನ್ನ ಹತ್ತಿರವೂ ಈಗ ಅಳತೆಯಿಲ್ಲ. ಹಾಳೆಗೆ ತಾಗುವಲ್ಲಿ ಒಂದಿಷ್ಟು ಹೆಚ್ಚು ಹುಯ್ಯುತ್ತಿದ್ದೇನೆ.